ಅಪರಾಹ್ನ ಒಂದು ಗಂಟೆಯವರೆಗೆ

ತುಮರಿ ಕಡೆಯ ನಮ್ಮ ಕೇರಿಯಲ್ಲಿ ಯಾರ ಮೊಬೈಲಿಗಾದರೂ ಶಾಲೆಯಿಂದ ಸಂದೇಶ ಬಂದರೆ ಅದು ನನ್ನ ಜಗುಲಿಗೆ ಬಂದೇ ಬರುತ್ತದೆ. ಇಲ್ಲಿಯವರೇನೂ ಓದು ಬರಹ ತಿಳಿಯದವರಲ್ಲ. ಪೇಪರ್ ಓದುತ್ತಾರೆ, ಬ್ಯಾಂಕಿನ ಫಾರಂ ತುಂಬುತ್ತಾರೆ, ಚುನಾವಣೆ ಬಂದರೆ ಎರಡೂ ಪಕ್ಷದ ಪ್ರಣಾಳಿಕೆ ಓದಿ ಜಗಳವಾಡುತ್ತಾರೆ. ಶಾಲೆಯವರು ಬರೆದದ್ದು ಮಾತ್ರ ಅವರ ತಲೆಗೆ ಹತ್ತುವುದಿಲ್ಲ. ನಾನು ಸಾಗರದ ಒಂದು ವಿದ್ಯಾಸಂಸ್ಥೆಯ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದವನು, ಆ ಭಾಷೆಯಲ್ಲೇ ಬೆಂದವನು. ಹಾಗಾಗಿ ಕನ್ನಡವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನಿವೃತ್ತಿಯ ಮೇಲೆ ನನಗೆ ಗಂಟುಬಿತ್ತು. ಸುಳ್ಳೇಕೆ ಹೇಳಲಿ, ಅದರಲ್ಲಿ ನನಗೆ ಸಣ್ಣ ಜಂಬವೂ ಇತ್ತು.

ಆ ವಿದ್ಯೆ ಕಲಿತದ್ದು ತೀರ್ಥಹಳ್ಳಿಯಲ್ಲಿ, ನನ್ನ ಮೊದಲ ಕೆಲಸದಲ್ಲಿ. ಅಲ್ಲಿನ ಹೆಡ್ ಗುಮಾಸ್ತರು ಬಾಯಿತುಂಬ ಎಲೆಯಡಿಕೆ ಹಾಕಿಕೊಂಡೇ ಪಾಠ ಮಾಡುತ್ತಿದ್ದರು. ನಾನು ಬರೆದ ಮೊದಲ ಸುತ್ತೋಲೆ ನಾಲ್ಕೇ ಸಾಲಿನದು. "ನಾಳೆ ಶಾಲೆಗೆ ರಜೆ" ಎಂದೇ ಅದು ಶುರುವಾಗಿತ್ತು. ಅವರು ಅದನ್ನು ಕೈಯಲ್ಲಿ ಹಿಡಿದು ನನ್ನನ್ನು ಕರುಣೆಯಿಂದ ನೋಡಿದರು.

"ಹೊಸದಾಗಿ ಬರೀಬೇಡ ಮಾರಾಯ. ಹೊಸದಾಗಿ ಬರೆದ್ರೆ ತಪ್ಪು ನಿಂದಾಗ್ತದೆ. ಹೋದ ವರ್ಷದ್ದು ತೆಗಿ, ತಾರೀಕು ಬದಲಾಯ್ಸು. ಆಗ ತಪ್ಪು ಯಾರದ್ದೂ ಅಲ್ಲ."

ಅಂದಿನಿಂದ ನಾನು ಕಾಗದ ಬರೆಯಲಿಲ್ಲ, ತಾರೀಕು ಬದಲಾಯಿಸಿದೆ. ಸಾಗರಕ್ಕೆ ಬಂದ ಮೇಲೂ ಅದೇ. ಹೆಡ್ ಮಾಸ್ಟರರು ಬದಲಾದರು, ಟೈಪ್ ರೈಟರ್ ಹೋಗಿ ಕಂಪ್ಯೂಟರ್ ಬಂತು, ಸುತ್ತೋಲೆ ಮಾತ್ರ ಅದೇ ಅಂಗಿ ತೊಟ್ಟುಕೊಂಡು ಪ್ರತಿ ಜೂನ್‌ನಲ್ಲೂ ಹೊರಡುತ್ತಿತ್ತು.

ಅಷ್ಟು ವರ್ಷದಲ್ಲಿ ನಾನು ಸ್ವಂತವಾಗಿ ಬರೆದದ್ದು ಒಂದೇ ಒಂದು ವಾಕ್ಯ. ಒಂದು ಬೇಸಿಗೆಯ ಕೊನೆಯಲ್ಲಿ ಹಾಸ್ಟೆಲ್ ಸೀಟಿಗಾಗಿ ನಮ್ಮ ಕಡೆಯ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ಬೆಳಿಗ್ಗೆಯೇ ಮನೆ ಬಿಟ್ಟು ಶರಾವತಿ ಹಿನ್ನೀರು ದಾಟಿಸಿ ಹೊಳೆಬಾಗಿಲಿಗೆ ಬಿಡುವ ಲಾಂಚಿಗೆ ಕಾದು ಕಾದು, ಆಫೀಸು ತಲುಪುವಾಗ ಪಟ್ಟಿ ಮುಗಿದುಹೋಗಿತ್ತು. ಅವಳು ಅಳಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಮರುವರ್ಷ ಹೆಡ್ ಮಾಸ್ಟರರನ್ನು ಕಾಡಿ ಬೇಡಿ ಸುತ್ತೋಲೆಯ ಕೊನೆಗೆ ಒಂದು ಸಾಲು ಸೇರಿಸಿದೆ: "ಶರಾವತಿ ಹಿನ್ನೀರಿನ ಆಚೆ ದಡದಿಂದ ಬರುವ ವಿದ್ಯಾರ್ಥಿನಿಯರಿಗೆ ಲಾಂಚ್ ಸಂಚಾರದ ಅನಾನುಕೂಲವನ್ನು ಗಮನದಲ್ಲಿರಿಸಿಕೊಂಡು ಅಪರಾಹ್ನ ಒಂದು ಗಂಟೆಯವರೆಗೆ ಹಾಜರಾಗಲು ಅವಕಾಶ ಕಲ್ಪಿಸಲಾಗಿದೆ." ಆಮೇಲೆ ನಾನು ನಿವೃತ್ತನಾಗುವವರೆಗೂ ನಮ್ಮ ಕಡೆಯ ಒಂದು ಹುಡುಗಿಯೂ ತಡವಾಯಿತೆಂದು ಸೀಟು ಕಳೆದುಕೊಳ್ಳಲಿಲ್ಲ. ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ.

ಈ ವರ್ಷ ಒಂದು ಸಂಜೆ ಕೆಳಗಿನ ಮನೆಯವಳು ಮೊಬೈಲ್ ಹಿಡಿದುಕೊಂಡು ಬಂದಳು. ಅವಳ ಗಂಡ ನನ್ನನ್ನು ಅಣ್ಣ ಎನ್ನುತ್ತಾನೆ, ಹಾಗಾಗಿ ಅವಳಿಗೆ ನಾನು ಭಾವ, ಮಗಳಿಗೆ ದೊಡ್ಡಪ್ಪ. ಮಗಳು ಹತ್ತನೇ ತರಗತಿಯಲ್ಲಿ ಚೆನ್ನಾಗಿ ಅಂಕ ತೆಗೆದಿದ್ದಳು. ಸಾಗರದಲ್ಲಿ ಸೈನ್ಸ್ ಓದಬೇಕೆಂಬುದು ಅವಳ ಆಸೆ. ಆದರೆ ಅವರ ಮನೆಯಿಂದ ಬಸ್ಸಿನ ರಸ್ತೆಗೆ ಕಾಡಿನ ದಾರಿಯಲ್ಲಿ ಒಂದು ಗಂಟೆ ನಡೆಯಬೇಕು. ಹಾಸ್ಟೆಲ್ ಸಿಕ್ಕಿದರೆ ಓದು, ಇಲ್ಲದಿದ್ದರೆ ಇಲ್ಲ ಎಂದು ಅವಳಪ್ಪ ಹೇಳಿಬಿಟ್ಟಿದ್ದ. ಸಂದೇಶ ಬಂದದ್ದು ನಾನಿದ್ದ ಸಂಸ್ಥೆಯಿಂದಲೇ.

"ಎಂತ ಬರ್ದಿದ್ದಾರೆ ನೋಡಿ ಭಾವ. ಮೇಲ್ಕಂಡ ವಿಷಯ ಅಂತಾರೆ, ಮೇಲೆ ಎಂತದೂ ಇಲ್ಲ."

ನಿಜವಾಗಿಯೂ ಇರಲಿಲ್ಲ. ವಾಟ್ಸಾಪಿಗೆ ಅಂಟಿಸುವಾಗ ಮೇಲಿನ ಭಾಗ ಬಿಟ್ಟುಹೋಗಿತ್ತು. ಉಳಿದದ್ದರಲ್ಲಿ ಮೊದಲು ಒಂದು ಉದ್ದನೆಯ ವಾಕ್ಯ. ಹಾಸ್ಟೆಲ್ ಪ್ರವೇಶಕ್ಕೆ ಅರ್ಜಿ ಸಲ್ಲಿಸಿರುವವರ ಪೈಕಿ ಅರ್ಹರೆಂದು ಕಂಡುಬಂದವರು ಸದರಿ ಮಾಹೆಯ ದಿನಾಂಕ ಹದಿನೆಂಟರಂದು ಪೂರ್ವಾಹ್ನ ಹತ್ತು ಗಂಟೆಗೆ ಪೋಷಕರೊಂದಿಗೆ ಮೂಲ ದಾಖಲೆಗಳ ಸಮೇತ ಹಾಜರಾಗತಕ್ಕದ್ದೆಂದೂ, ತಪ್ಪಿದಲ್ಲಿ ಸದರಿಯವರ ಪ್ರವೇಶಾವಕಾಶವನ್ನು ಮುಂದಿನವರಿಗೆ ವರ್ಗಾಯಿಸಲಾಗುವುದೆಂದೂ ಅದು ಉಸಿರು ತೆಗೆದುಕೊಳ್ಳದೆ ಓಡಿತ್ತು. ಕೊನೆಯಲ್ಲಿ ನನ್ನ ಸಾಲು ಇತ್ತು. ಒಂದಕ್ಷರವೂ ಕದಲದೆ, ಲಾಂಚಿನ ಸಮೇತ!

ನನಗಾದ ಖುಷಿ ಅಷ್ಟಿಷ್ಟಲ್ಲ. "ಇದು ನಾನೇ ಬರೆದದ್ದು ಕಣೆ" ಎಂದು ಅವಳಿಗೆ ತೋರಿಸಿದೆ. ಒಳಗಿದ್ದ ಹೆಂಡತಿಯನ್ನು ಕರೆದೂ ತೋರಿಸಿದೆ.

"ಮತ್ತೆ ನಾಳೆಗೇ ಬರ್ಲಿಕ್ಕೆ ಹೇಳಿದ್ದಾರೆ, ಟಿ.ಸಿ. ಇನ್ನೂ ತಗೊಂಡಿಲ್ಲ. ಇಲ್ಲಿ ಹೈಸ್ಕೂಲು ಆಫೀಸು ತೆಗೆಯೋದೇ ಹತ್ತಕ್ಕೆ. ಅದಿಲ್ದೇ ಮೊದ್ಲು ಹೋಗಿ ಕೂತ್ಕಳ್ಳೋದಾ?" ಎಂದು ಅವಳು ಕೇಳಿದಳು.

"ಎಂತಕ್ಕೆ ಅವಸರ? ನಮ್ಮ ಕಡೆಯವರಿಗೆ ಒಂದು ಗಂಟೆ ತನಕ ಟೈಮ್ ಉಂಟಲ್ಲ. ಟಿ.ಸಿ. ತಗೊಂಡೇ ಹೋಗಿ" ಎಂದೆ.

ಒಂದು ಫೋನ್ ಮಾಡಿ ಕೇಳು ಎನ್ನಬಹುದಿತ್ತು. ನಾನೇ ಮಾಡಬಹುದಿತ್ತು. ನಾನೇ ಬರೆದದ್ದನ್ನು ಇನ್ನೊಬ್ಬರ ಹತ್ತಿರ ಏನು ಕೇಳುವುದು ಎಂದುಕೊಂಡೆ.

ಮರುದಿನ ತಾಯಿ ಮಗಳು ಟಿ.ಸಿ. ತೆಗೆದುಕೊಂಡು ಬಸ್ಸು ಹತ್ತಿದರು. ಹಿನ್ನೀರಿನ ಹೊಸ ಸೇತುವೆಯ ಮೇಲೆ ಬಸ್ಸು ಸಲೀಸಾಗಿ ದಾಟಿತು. ಹನ್ನೆರಡೂ ಕಾಲಿಗೆ ಆಫೀಸು ತಲುಪಿದರು. ಪಟ್ಟಿ ಹನ್ನೊಂದಕ್ಕೇ ಮುಗಿದಿತ್ತು. ಮೊಬೈಲಿನಲ್ಲಿದ್ದ ಸಾಲನ್ನು ಹುಡುಗಿ ಆಡಳಿತಾಧಿಕಾರಿಗೆ ತೋರಿಸಿದಳಂತೆ. ಅವರು ಓದಿ ನಕ್ಕರಂತೆ.

"ಈಗ ಲಾಂಚಿಗೆ ಯಾರಮ್ಮಾ ಕಾಯ್ತಾರೆ? ನೀವು ಸೇತುವೆ ಮೇಲೆ ಬಂದ್ರಲ್ವಾ?"

ಸೇತುವೆಗಾಗಿ ನಮ್ಮ ಜನ ಎಷ್ಟು ವರ್ಷ ಅರ್ಜಿ ಕೊಟ್ಟಿದ್ದರು, ಎಷ್ಟು ಸಲ ಧರಣಿ ಕೂತಿದ್ದರು. ಅದು ಬಂದದ್ದೇ ಆ ಹುಡುಗಿಗೆ ಮುಳುವಾಯಿತು. ಸೀಟು ಪಟ್ಟಿಯಲ್ಲಿ ಇವಳ ನಂತರವಿದ್ದ ಹೊಸನಗರದ ಹುಡುಗಿಗೆ ಹೋಯಿತು. ಅವಳು ಹತ್ತಕ್ಕೆ ಮೊದಲೇ ಬಂದು ಕೂತಿದ್ದಳು, ಅವಳದೇನು ತಪ್ಪು?

ನನಗೆ ತಲೆಕೆಟ್ಟುಹೋಯಿತು. ಈಗಿನ ಗುಮಾಸ್ತೆಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಕೂಗಾಡಿದೆ. ನನ್ನ ಕೊನೆಯ ವರ್ಷದಲ್ಲಿ ನನ್ನ ಕೈಕೆಳಗೆ ಸೇರಿದ್ದ ಹುಡುಗಿ ಅವಳು. ನಾನು ಮುಗಿಸಿದ ಮೇಲೆ ಹೇಳಿದಳು:

"ಸರ್, ಹೋದ ವರ್ಷದ್ದು ತೆಗೆದು ತಾರೀಕು ಬದಲಾಯ್ಸಿದೆ. ಆ ಸಾಲು ನಾನು ಓದೇ ಇಲ್ಲ. ನೀವೇ ಹೇಳಿಕೊಟ್ಟಿದ್ದಲ್ವಾ ಸರ್?"

ಫೋನ್ ಇಟ್ಟೆ. ಬೈಯಲು ಯಾರೂ ಉಳಿದಿರಲಿಲ್ಲ.

ಸಂಜೆ ನಾನೇ ಕೆಳಗಿನ ಮನೆಗೆ ಹೋಗಿ, ಸಂಸ್ಥೆಯ ಆಡಳಿತ ಮಂಡಳಿಗೆ ಮನವಿ ಬರೆದುಕೊಡುತ್ತೇನೆ ಎಂದೆ. ಇಪ್ಪತ್ತೆಂಟು ವರ್ಷ ಸಂಸ್ಥೆಯ ಪರವಾಗಿ ಬರೆದ ಕೈ ಒಂದು ಸಲ ಈ ಮಗುವಿನ ಪರವಾಗಿ ಬರೆಯಲಿ ಎಂದುಕೊಂಡೆ. ಬರೆದು ಅವರ ಮುಂದೆ ಗಟ್ಟಿಯಾಗಿ ಓದಿದೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ವಿದ್ಯಾರ್ಥಿನಿಯು ಉಲ್ಲೇಖಿತ ಸುತ್ತೋಲೆಯನ್ವಯ ಹಾಜರಾಗಿದ್ದಾಗ್ಯೂ… ಹುಡುಗಿ ಗೋಡೆಗೆ ಒರಗಿ ಪೂರ್ತಿ ಕೇಳಿಸಿಕೊಂಡಳು.

"ದೊಡ್ಡಪ್ಪ, ಇದು ನನ್ನ ವಿಷ್ಯಾನಾ?"

ತಮಾಷೆಗೆ ಕೇಳಿದ್ದಲ್ಲ. ನಾನು ಅದನ್ನು ಹರಿದೆ. ಮತ್ತೆ ಕೂತು ಬರೆದೆ, ಮತ್ತೆ ಹರಿದೆ. ಟಿ.ಸಿ.ಗಾಗಿ ಕಾದಳು, ನಾನು ಹೇಳಿದ್ದನ್ನು ನಂಬಿದಳು, ತಡವಾಯಿತು, ಅವಳಿಗೆ ಓದಬೇಕು. ಇಷ್ಟೇ ಬರೆಯಬೇಕಾಗಿದ್ದದ್ದು. ಆದರೆ ಪೆನ್ನು ಹಿಡಿದ ಕೂಡಲೇ ಕೈ ತಾನಾಗಿ "ಸದರಿ" ಎಂದು ಶುರುಮಾಡುತ್ತಿತ್ತು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಕಡೆಗೆ ಅದೇ ಮನವಿಯನ್ನು ಚೊಕ್ಕವಾಗಿ ಬರೆದು, ತಂದೆಯ ಸಹಿ ಹಾಕಿಸಿ ಕಳಿಸಿದೆ. ಅವರಿಗಾದರೂ ಅರ್ಥವಾಗುವ ಭಾಷೆ ಅದೇ ತಾನೆ ಎಂದು ಸಮಾಧಾನ ಹೇಳಿಕೊಂಡೆ.

ಹತ್ತು ದಿನದ ಮೇಲೆ ತಾಯಿ ಮಗಳು ಇಬ್ಬರೂ ಓಡೋಡಿ ಬಂದರು. ಮೊಬೈಲಿಗೆ ಉತ್ತರ ಬಂದಿತ್ತು. ತಾಯಿಯ ಮುಖ ಅರಳಿತ್ತು.

"ಸಹಾನುಭೂತಿ ಅಂತ ಬರ್ದಿದ್ದಾರೆ ಭಾವ! ಒಳ್ಳೇದೇ ಅಲ್ವಾ? ಬಕೆಟ್ಟು, ಚಾಪೆ ಎಲ್ಲಾ ತಂದಿಟ್ಟಿದ್ದೀನಿ. ಇನ್ನು ಎಷ್ಟು ದಿನ ಕಾಯ್ಬೇಕು?"

ಕನ್ನಡಕ ಹಾಕಿಕೊಂಡು ಓದಿದೆ. "ತಮ್ಮ ಮನವಿಯನ್ನು ಸ್ವೀಕರಿಸಲಾಗಿದ್ದು, ಸದರಿ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಿ ನಿಯಮಾನುಸಾರ ಅಗತ್ಯ ಕ್ರಮ ಜರುಗಿಸಲಾಗುವುದು." ಇದನ್ನು ಎಷ್ಟು ಮನೆಗಳಿಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಆಗುವುದಿಲ್ಲ ಎನ್ನಲು ಹೆಡ್ ಮಾಸ್ಟರರಿಗೆ ಮನಸ್ಸಿಲ್ಲದಾಗ ನಾವು ಇದನ್ನು ಬರೆದು, ಕಡತಕ್ಕೆ ದಾರ ಕಟ್ಟಿ, ಬೀರುವಿನ ಕೆಳಗಿನ ಅರೆಯಲ್ಲಿ ಇಡುತ್ತಿದ್ದೆವು. ಈ ವಾಕ್ಯ ಹೋದ ಮನೆಯವರಿಗೆ ಸೀಟು ಸಿಕ್ಕಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

"ಕಾಯ್ಬೇಡ. ಆಗೋದಿಲ್ಲ ಅಂತ ಬರ್ದಿದ್ದಾರೆ" ಎಂದೆ.

ಸೀಟು ಇಲ್ಲವೆಂದದ್ದು ನಾನೇ ಎಂಬಂತೆ ತಾಯಿ ನನ್ನನ್ನು ನೋಡಿದಳು. ಹುಡುಗಿ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಪಕ್ಕ ಕೂತು ಪರದೆಯನ್ನು ನನ್ನ ಮುಖದ ಹತ್ತಿರ ಹಿಡಿದಳು.

"ಎಲ್ಲಿ ಬರ್ದಿದ್ದಾರೆ ದೊಡ್ಡಪ್ಪ? ತೋರ್ಸಿ."

ನಾನು ಬೆರಳೆತ್ತಿದೆ. ಇಡಲು ಜಾಗ ಸಿಗಲಿಲ್ಲ.