ಅರ್ಧ ಇಂಚು ಹೆಚ್ಚಾದ ಸಬ್‌ಮರೀನು

ಹೋದ ಭಾನುವಾರ ಬೆಳಿಗ್ಗೆ ನಾನೊಂದು ಸಬ್‌ಮರೀನ್ ಮುಳುಗಿಸಿದೆ. ಟಾರ್ಪೆಡೊ ಬಿಟ್ಟಲ್ಲ, ಒಂದು ಸ್ಟೀಲ್ ಟೇಪು ಹಿಡಿದು.

ಎಲ್ಲಿ? ಚೆನ್ನೈನ ಪೆರಂಬೂರಿನ ಒಂದು ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ, ನಮ್ಮ ಸೀನು ಮಾವನ ಮನೆಯ ಮಂಚದ ಮೇಲೆ. (ಮಂಚದ ಮೇಲೆ ಸಬ್‌ಮರೀನ್ ಯಾಕೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ಆ ಪ್ರಶ್ನೆಯನ್ನು ಕಮಲತ್ತೆ ಹನ್ನೊಂದು ತಿಂಗಳಿಂದ ಕೇಳುತ್ತಿದ್ದಾರೆ. ಕೆಳಗೆ ಚಾಪೆಯ ಮೇಲೆ ಮಲಗಿಕೊಂಡು.)

ಸೀನು ಮಾವ ನನ್ನ ಅಮ್ಮನ ತಮ್ಮ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಪ್ಯಾಟರ್ನ್ ಮೇಕರ್ ಆಗಿದ್ದವರು. ಹಾಗಂದರೆ? ಕಬ್ಬಿಣದ ಯಾವುದೇ ಭಾಗವನ್ನು ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿಕೊಡಬೇಕು. ಅದನ್ನು ಮರಳಿಗೆ ಒತ್ತಿ, ಬಿದ್ದ ಅಚ್ಚಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಮರ ತಪ್ಪಿದರೆ ಕಬ್ಬಿಣವೂ ತಪ್ಪಿತು. ಹಾಗಾಗಿ ಮಾವನಿಗೆ ಅಳತೆ ಎಂದರೆ ದೇವರಕೋಣೆಯ ವಿಷಯ. ಚಪಾತಿಯನ್ನೂ ಬೆಳಕಿಗೆ ಹಿಡಿದು ದಪ್ಪ ನೋಡುತ್ತಾರೆ.

ಇಂಥ ಮಾವನಿಗೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಸ್ನೇಹಿತ ಸಿಕ್ಕಿದರು. ಇಬ್ಬರಿಗೂ ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿಸಿ ಕೂರಿಸಿದ್ದರಂತೆ. ಕಣ್ಣು ಮುಚ್ಚಿ ಕೂತವರಿಗೆ ಮಾತಲ್ಲದೆ ಇನ್ನೇನಿದೆ?

ಹೆಸರು ಆರುಮುಗಂ. ಕಾಸಿಮೇಡಿನ ಮೀನುಗಾರರ ಮನೆಯವರು. ಹುಡುಗನಾಗಿದ್ದಾಗಲೇ ನೇವಿ ಸೇರಿ, ಎಪ್ಪತ್ತೊಂದರ ಯುದ್ಧದಲ್ಲಿ ಸಬ್‌ಮರೀನಿನೊಳಗೆ ಇದ್ದವರು. ಈಗ ಗ್ಲಾಕೋಮಾ. ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು ಒಂದು ಕೊಳವೆಯಷ್ಟು ಉಳಿದಿದೆ. “ಕಣ್ಣೇ ಪೆರಿಸ್ಕೋಪ್ ಆಗಿಬಿಟ್ಟಿದೆ ಸಾರ್” ಎಂದು ನಗುತ್ತಾರೆ. ಉಳಿದದ್ದು ಇನ್ನೆಷ್ಟು ದಿನವೋ, ಡಾಕ್ಟರೂ ಹೇಳುತ್ತಿಲ್ಲ.

ಅವರಿಗೆ ಇದ್ದದ್ದು ಒಂದೇ ಆಸೆ. ಅಷ್ಟೂ ಹೋಗುವ ಮೊದಲು ತಾನಿದ್ದ ದೋಣಿಯನ್ನು ಒಮ್ಮೆ ನೋಡಬೇಕು. (ಸಬ್‌ಮರೀನಿನವರು ಅದನ್ನು ಹಡಗು ಅನ್ನುವುದಿಲ್ಲ, ದೋಣಿ ಅನ್ನುತ್ತಾರೆ.) ದೋಣಿಯೇನೋ ಯಾವತ್ತೋ ಗುಜರಿಗೆ ಹೋಗಿದೆ. ಅಳಿಯ ಪ್ಲಾಸ್ಟಿಕ್ಕಿನದೊಂದು ತಂದುಕೊಟ್ಟರೆ, ಒಂದು ಸಲ ಸವರಿ ನೋಡಿ, “ಇದು ನಮ್ಮದಲ್ಲ” ಎಂದು ವಾಪಸ್ ಕೊಟ್ಟರಂತೆ.

“ನಾನು ಮಾಡಿಕೊಡ್ತೀನಿ. ಅಳತೆ ತಪ್ಪಿದ್ರೆ ಕೇಳಿ” ಅಂದರು ಮಾವ.

ಶುರುವಾಯಿತು. ನಾನು ಎಗ್ಮೋರಿನಲ್ಲಿ ಡ್ರಾಯಿಂಗ್ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದೆ. ನಿಜವಾದ ದೋಣಿ ಮುನ್ನೂರು ಅಡಿ, ಮಾವನದು ಎಪ್ಪತ್ತೈದರಲ್ಲಿ ಒಂದು ಪಾಲು. ಅಂದರೆ ನಾಲ್ಕು ಅಡಿ. ಮನೆಯಲ್ಲಿ ನಾಲ್ಕು ಅಡಿ ಮಟ್ಟಸವಾಗಿದ್ದ ಜಾಗ ಮಂಚವೊಂದೇ.

“ಮರವನ್ನು ಈ ಪ್ರಿಂಟಿನ ಮೇಲಿಟ್ಟು ನೋಡಬಾರದಾ ಮಾವ?” ಎಂದು ಒಂದು ಸಲ ಕೇಳಿದ್ದೆ.

“ಥೂ! ಕಾಗದ ಇವತ್ತು ಒಂದು ಉದ್ದ, ನಾಳೆ ಒಂದು ಉದ್ದ. ಡ್ರಾಯಿಂಗನ್ನ ಅಳೀಬಾರದು ಕಣೋ, ಅದರಲ್ಲಿ ಬರೆದಿರೋ ಅಂಕಿ ಓದಬೇಕು. ಇದು ವರ್ಕ್‌ಶಾಪ್ ರೂಲು.”

ತೇಗ ಕೆತ್ತಿದರು. ಹೊಟ್ಟೆಯುದ್ದಕ್ಕೂ ನೀರು ನುಗ್ಗುವ ಸಣ್ಣ ಸಣ್ಣ ತೂತುಗಳನ್ನು ಕೈ ಡ್ರಿಲ್ಲಿನಲ್ಲಿ ಒಂದೊಂದಾಗಿ ಕೊರೆದರು. ನಡುವೆ ಆರುಮುಗಂಗೆ ಫೋನು: “ಹ್ಯಾಚಿನ ಬಾಗಿಲು ಯಾವ ಕಡೆಗೆ ತೆರೀತಿತ್ತು?” ಆ ಕಡೆಯಿಂದ ಒಂದು ನಿಮಿಷ ಮೌನ. ಕೈ ಗಾಳಿಯಲ್ಲಿ ಹ್ಯಾಚು ತೆರೆದು ನೋಡುತ್ತಿದೆ ಎಂದು ಅರ್ಥ. ಆಮೇಲೆ ಉತ್ತರ.

ಮುಗಿಯಿತು. ಗಾಜಿನ ಪೆಟ್ಟಿಗೆ ನಾನು ಮಾಡಿಸುತ್ತೇನೆ ಅಂದೆ. ಟೇಪು ಹಿಡಿದೆ. ನಾಲ್ಕು ಅಡಿ ಅರ್ಧ ಇಂಚು.

“ಮಾವ, ಅರ್ಧ ಇಂಚು ಹೆಚ್ಚಿದೆಯಲ್ಲ?”

“ಹೆಚ್ಚಿರೋದು ನಿನ್ನ ಟೇಪು. ಎಲ್ಲಿ ತಗೊಂಡೆ, ಪ್ಲಾಟ್‌ಫಾರಂ ಮೇಲಾ?”

ನಗುತ್ತಲೇ ತಮ್ಮ ಸ್ಕೇಲು ಇಟ್ಟರು. ಸರಿಯಾಗಿ ನಾಲ್ಕು ಅಡಿ. ಸ್ಕೇಲಿನ ಪಕ್ಕಕ್ಕೆ ನನ್ನ ಟೇಪು ಇಟ್ಟರು. ನಗು ನಿಂತಿತು. ಸ್ಕೇಲನ್ನು ಕನ್ನಡಕದ ಹತ್ತಿರ ತಂದು, ತುದಿಯಲ್ಲಿ ಸವೆದುಹೋದ ಅಕ್ಷರ ಓದಿದರು. ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಆಗಿದ್ದಿಷ್ಟು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಮೇಕರನ ಸ್ಕೇಲಿನಲ್ಲಿ ಒಂದು ಅಡಿ ಅಂದರೆ ಒಂದು ಅಡಿಯಲ್ಲ, ಇಂಚಿನ ಎಂಟನೇ ಒಂದು ಭಾಗ ಹೆಚ್ಚು. ಕಾಂಟ್ರಾಕ್ಷನ್ ಸ್ಕೇಲ್ ಅನ್ನುತ್ತಾರೆ. ಅದರಲ್ಲಿ ಅಳೆದರೆ ಆರಿದ ಮೇಲೆ ಸರಿಹೋಗುತ್ತದೆ. ಮಾವನ ಪೆಟ್ಟಿಗೆಯಲ್ಲಿ ಸಾದಾ ಸ್ಕೇಲೂ ಇತ್ತು. ಆದರೆ ಮೂವತ್ತಾರು ವರ್ಷ ಇದನ್ನೇ ಹಿಡಿದ ಕೈ ಯಾರ ಮಾತು ಕೇಳುತ್ತದೆ? (ನಮ್ಮ ಪಕ್ಕದ ಮನೆಯವರು ಬಸ್ ಕಂಡಕ್ಟರ್ ಆಗಿದ್ದವರು. ಇವತ್ತಿಗೂ ಲಿಫ್ಟಿನಲ್ಲಿ “ಉಳ್ಳೆ ಪೋಂಗ, ಉಳ್ಳೆ ಪೋಂಗ” ಎಂದು ಎಲ್ಲರನ್ನೂ ಒಳಕ್ಕೆ ತಳ್ಳುತ್ತಾರೆ.)

ಮಾವ ಕುಗ್ಗುವ ಲೆಕ್ಕದಲ್ಲಿ ಅಳೆದಿದ್ದರು. ತೇಗ ಕುಗ್ಗಲಿಲ್ಲ.

“ಹೋಗಲಿ ಬಿಡಿ ಮಾವ. ಎಲ್ಲಾ ಒಂದೇ ಸಮ ದೊಡ್ಡದಾಗಿದೆಯಲ್ಲ? ಎಪ್ಪತ್ತೈದು ಅನ್ನೋ ಬದಲು ಎಪ್ಪತ್ತನಾಲ್ಕು ಅಂತ ಬರೆದರಾಯ್ತು.”

“ಎಪ್ಪತ್ತನಾಲ್ಕೂ ಅಲ್ಲ, ಅದರ ಮೇಲೆ ಪುಡಿ ಬಾಕಿ. ಪುಡಿ ಲೆಕ್ಕದಲ್ಲಿ ಯಾವನಾದ್ರೂ ದೋಣಿ ಕಟ್ತಾನೇನೋ?”

ಎದ್ದರು. ಪೆಟ್ಟಿಗೆಯಿಂದ ಕೆಂಪು ಸೀಮೆಸುಣ್ಣ ತೆಗೆದು ಸಬ್‌ಮರೀನಿನ ಹೊಟ್ಟೆಯ ಮೇಲೆ ದೊಡ್ಡದೊಂದು ಓರೆಗೆರೆ, ಅದನ್ನು ಕತ್ತರಿಸುವಂತೆ ಇನ್ನೊಂದು ಓರೆಗೆರೆ ಎಳೆದರು. ವರ್ಕ್‌ಶಾಪಿನಲ್ಲಿ ತಪ್ಪಿದ ಮಾಲಿಗೆ ಇನ್‌ಸ್ಪೆಕ್ಟರ್ ಹಾಕುವ ಗುರುತು ಅದು. ಮಾವನ ಒಂದು ಕೆಲಸದ ಮೇಲೂ ಅದು ಬಿದ್ದಿರಲಿಲ್ಲ. ಬಿದ್ದ ಮೊದಲನೆಯದನ್ನು ತಾವೇ ಹಾಕಿಕೊಂಡರು.

“ಮತ್ತೆ ಮಾಡ್ತೀನಿ.”

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. “ನಾನು ಚಾಪೆ ಮೇಲೆ ಇನ್ನೊಂದು ವರ್ಷ ಬೇಕಾದ್ರೂ ಮಲಗ್ತೀನಿ. ಅವರ ಕಣ್ಣು ಕಾಯುತ್ತಾ?”

ಮಾವ ಆರುಮುಗಂಗೆ ಫೋನ್ ಮಾಡಿ, ಪೇಂಟು ಒಣಗಿಲ್ಲ ಎಂದು ಸುಳ್ಳು ಹೇಳಿದರು.

ಮೂರು ದಿನ ನನಗೆ ಸಮಾಧಾನವಿಲ್ಲ. ಟೇಪು ಹಿಡಿದ ಪಾಪ ನನ್ನದು ತಾನೆ? ಬುಧವಾರ ಕಾಸಿಮೇಡಿಗೆ ಹೋಗಿ, ಆಟೋದಲ್ಲಿ ಆರುಮುಗಂ ಅವರನ್ನು ಕರೆದುಕೊಂಡೇ ಬಂದೆ. ಆರಡಿ ಎರಡಿಂಚಿನ ಆಳು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಮಾವ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

(ಮುಂದಿನ ಮಾತೆಲ್ಲ ತಮಿಳಿನಲ್ಲಿ ನಡೆದದ್ದು.)

ಅವರಿಗೆ ಇಡೀ ದೋಣಿ ಒಟ್ಟಿಗೆ ಕಾಣುವುದಿಲ್ಲ. ತಲೆ ವಾಲಿಸಿ, ಮೂತಿಯಿಂದ ಶುರುಮಾಡಿ, ಗೇಣುಗೇಣಾಗಿ ನೋಡುತ್ತಾ ಹೋದರು. ಕಣ್ಣಿಗಿಂತ ಮುಂದೆ ಬೆರಳು ಹೋಗುತ್ತಿತ್ತು. ಒಂದು ಕಡೆ ನಿಂತಿತು.

“ಇಲ್ಲಿ. ಇದರ ಕೆಳಗೆ ನಾನು.”

ಬೆರಳು ಕೆಳಗಿಳಿಯಿತು. ತುದಿಗೆ ಕೆಂಪು ಹತ್ತಿತು. “ಇದೇನು ಸಾರ್, ಕುಂಕುಮ ಇಟ್ಟಿದ್ದೀರಾ?”

“ರಿಜೆಕ್ಟ್” ಅಂದರು ಮಾವ. ಎಲ್ಲಾ ಹೇಳಿಬಿಟ್ಟರು. ಸ್ಕೇಲು, ಅರ್ಧ ಇಂಚು, ಒಂದನ್ನೂ ಮುಚ್ಚಿಡಲಿಲ್ಲ.

ಆರುಮುಗಂ ಬೆರಳಿನ ಕೆಂಪನ್ನು ಹೆಬ್ಬೆರಳಿಗೆ ಉಜ್ಜಿದರು. ನನಗೆ ಆ ಪ್ಲಾಸ್ಟಿಕ್ ದೋಣಿಯ ಗತಿ ನೆನಪಾಯಿತು.

“ಈ ಅರ್ಧ ಇಂಚು ನಿಜವಾದ ದೋಣಿಯಲ್ಲಿ ಎಷ್ಟಾಗುತ್ತೆ ಸಾರ್?”

“ಎಪ್ಪತ್ತೈದರಿಂದ ಗುಣಿಸಿ. ಮೂರು ಅಡಿ ಮೇಲೆ ಚೂರು.”

“ಮೂರು ಅಡಿ!” ಅವರು ಮಂಚದ ತುದಿಯಲ್ಲಿ ಕೂತರು. “ಸಾರ್, ನನ್ನ ಬಂಕು, ಮಲಗೋ ಹಲಗೆ, ಐದೂವರೆ ಅಡಿ ಇತ್ತು. ಟಾರ್ಪೆಡೊ ಪಕ್ಕದಲ್ಲಿ. ಯುದ್ಧದ ದಿನಗಳಲ್ಲಿ ಸದ್ದು ಮಾಡೋ ಹಾಗಿಲ್ಲ, ಚಮಚ ಬೀಳೋ ಹಾಗಿಲ್ಲ. ಮಲಗಿ ಅಂದರೆ ಮಲಗಬೇಕು. ಮಂಡಿ ಎದೆಗೆ ಹಚ್ಚಿಕೊಂಡು ಗಂಟೆಗಟ್ಟಲೆ ಬಿದ್ದಿದ್ದೆ. ಎಲ್ಲರೂ ಕೇಳ್ತಾರೆ, ಯುದ್ಧದಲ್ಲಿ ಏನು ಮಾಡಿದೆ ಅಂತ. ಏನಂತ ಹೇಳಲಿ? ಕಾಲು ಮಡಚಿಕೊಂಡಿದ್ದೆ. ಅಷ್ಟೇ.”

ಮತ್ತೆ ದೋಣಿಯ ಮೇಲೆ ಕೈಯಿಟ್ಟರು.

“ಆ ಮೂರಡಿ ಯಾವ ಕಡೆ ಇದೆ ಸಾರ್?”

“ಒಂದೇ ಕಡೆ ಇಲ್ಲ. ಮೂತಿಯಿಂದ ಬಾಲದವರೆಗೆ ಹಂಚಿಹೋಗಿದೆ.”

“ಅದೆಲ್ಲ ಬೇಡ. ಒಟ್ಟು ಕೂಡಿಸಿ ನನ್ನ ಬಂಕಿಗೆ ಹಾಕಿಬಿಡಿ.” ಹೇಳಿ ನಕ್ಕರು. ನಗುತ್ತಲೇ ತಾವು ತೋರಿಸಿದ ಜಾಗವನ್ನು ಅಂಗೈಯಿಂದ ಸವರಿದರು. “ಕಾಲ್ ನೀಟ್ಟಲಾಮ್ ಸಾರ್.” ಈಗ ಕಾಲು ಚಾಚಬಹುದು.

ಸೀನು ಮಾವ ಪಂಚೆಯ ಅಂಚು ಎತ್ತಿ ಕೆಂಪು ಗುರುತನ್ನು ಒರೆಸಿದರು. ತುಂಬಾ ಹೊತ್ತು ಒರೆಸಿದರು. ಇಷ್ಟಕ್ಕೂ ಪಾಸ್ ಮಾಡಿದ್ದು ಇನ್‌ಸ್ಪೆಕ್ಟರಲ್ಲ. ಅದರೊಳಗೆ ಮಲಗಿದ್ದವರು.

ಕಾಫಿ ಬಂತು. ಗಾಜಿನ ಪೆಟ್ಟಿಗೆ ಹದಿನೈದು ದಿನವಾಗುತ್ತದೆ, ಅಲ್ಲಿಯವರೆಗೆ ದೋಣಿ ಮಂಚದ ಮೇಲೇ ಇರಲಿ ಎಂದು ಇಬ್ಬರೂ ಒಪ್ಪಿಕೊಂಡರು.

“ಅಲ್ಲ, ಯುದ್ಧದಲ್ಲಿದ್ದವರು ಐವತ್ತು ವರ್ಷದ ಮೇಲೆ ಕಾಲು ಚಾಚಿದ್ದಾಯ್ತು,” ಲೋಟ ಎತ್ತಿಕೊಳ್ಳುತ್ತಾ ಅತ್ತೆ ಕೇಳಿದರು, “ನನ್ನ ಸರದಿ ಯಾವತ್ತು?”