ಒರೆಸದೆ ಬಿಟ್ಟ ಕಿಟಕಿ

"ತಡಿಯವ್ವಾ, ಒರಸಬ್ಯಾಡ! ಕೂಸು ಏನೋ ಬರದೈತಿ ನೋಡಿಲ್ಲಿ," ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. ಒದ್ದೆ ಬಟ್ಟೆ ಕಿಟಕಿಯ ಕಟ್ಟೆಗೆ ಇನ್ನೇನು ತಾಗುವುದರಲ್ಲಿತ್ತು. ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳಿನಲ್ಲಿ ಬೆರಳಿನಿಂದ ಬರೆದ 'ರ' ಇತ್ತು. ಕೊಂಚ ಸೊಟ್ಟಗೆ, ಆದರೆ 'ರ'ವೇ.

ಆರು ವರ್ಷದ ನನ್ನ ಮಗಳಿಗೆ ಆಟಿಸಂ. ಶಾಲೆಯ ಗದ್ದಲ ತಡೆಯಲಾರಳೆಂದು ಮನೆಯಲ್ಲೇ ಕಲಿಸುತ್ತಿದ್ದೇನೆ. ಬಳಪ ಕಿರ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಪೆನ್ಸಿಲ್ ಕೊಟ್ಟರೆ ಎಸೆಯುತ್ತಾಳೆ. ಸಂಡೂರಿನ ನಮ್ಮ ಓಣಿಯಲ್ಲಿ ಧೂಳು ಒರೆಸದೆ ಯಾರಿಗೂ ಬೆಳಗಾಗುವುದಿಲ್ಲ. ನಾನೂ ಮನೆಯೆಲ್ಲ ಒರೆಸಿದ ಮೇಲೆಯೇ ಪಾಠಕ್ಕೆ ಕೂರುತ್ತಿದ್ದೆ.

"ದಿನಾ ಬರೀತಿದ್ಲೋ ಏನೋ, ಅತ್ತಿ," ಎಂದೆ. ಮಗಳು ಕೆಂಪಾದ ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು.

ಈಗ ಆ ಕಿಟಕಿಗೆ ಬಟ್ಟೆ ಮುಟ್ಟಿಸುವುದಿಲ್ಲ. 'ರ' ಅಳಿಸಲು ಮನಸ್ಸಿಲ್ಲ; ಮುಂದಿನ ಅಕ್ಷರಕ್ಕೆ ಅದರ ಮೇಲೆ ಹೊಸ ಧೂಳು ಕೂರಬೇಕು. ಓಣಿಯವರೆಲ್ಲ ಲಾರಿಗಳಿಗೆ ಶಾಪ ಹಾಕುವಾಗ ನಾನೊಬ್ಬಳು, ಇವತ್ತಿನ್ನೂ ಲಾರಿ ಬರಲಿಲ್ಲವಲ್ಲ ಎಂದು ಒಳಗೂ ಹೊರಗೂ ಓಡಾಡುತ್ತಿರುತ್ತೇನೆ.