ಮೊತ್ತದ ಡಿಸ್ಕ್ ಯಾವುದು

ಗಂಟಲಿನ ಆಪರೇಷನ್ ಆದಮೇಲೆ ಅಕ್ಕನ ದನಿ ಉಳಿದಿದ್ದು ಒಂದೇ ಕಡೆ. ಮಾಲೂರಿನ ನಮ್ಮ ಮನೆಯ ನಡುಮನೆಯಲ್ಲಿ, ಮರದ ಸ್ಟೂಲಿನ ಮೇಲಿದ್ದ ಹಳೆಯ ಕಂಪ್ಯೂಟರಿನೊಳಗೆ.

ಅಕ್ಕ ಯಲ್ದೂರಿನಲ್ಲಿದ್ದಳು. ತೊಂಬತ್ತರ ದಶಕದಲ್ಲಿ ಆ ಸುತ್ತಿನ ಮದುವೆಗಳಲ್ಲಿ ಹಾಡಲು ಅವಳನ್ನೇ ಕರೆಯುತ್ತಿದ್ದರು. ಹಸೆಗೆ ಕರೆಯುವ ಹಾಡು, ಅರಿಶಿನ ಹಚ್ಚುವಾಗಿನ ನಲುಗಿನ ಹಾಡು, ಬೀಗರನ್ನು ರೇಗಿಸುವ ಹಾಡು. ಅರ್ಧ ತೆಲುಗು, ಅರ್ಧ ಕನ್ನಡ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಕೇಳುವವರಿಗೂ ಗೊತ್ತಾಗುತ್ತಿರಲಿಲ್ಲ, ಹಾಡುವವಳಿಗೂ ಗೊತ್ತಿರಲಿಲ್ಲ. ನನಗೆ ಸಂಬಳ ಶುರುವಾದ ಹೊಸತರಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡಿದ್ದೆ. ಮದುವೆಗೆ ಹೋದಾಗಲೆಲ್ಲ ಅದನ್ನು ಅವಳ ಪಕ್ಕದಲ್ಲಿ, ಅರಿಶಿನ ಕುಂಕುಮದ ತಟ್ಟೆಗೆ ತಾಗದಂತೆ ಇಡುತ್ತಿದ್ದೆ. ಮುಂದೊಂದು ದಿನ ಬೇಕಾಗುತ್ತದೆಂದು ಮಾಡಿದ್ದಲ್ಲ. ಹೊಸ ವಸ್ತು ಕೈಗೆ ಬಂದಿತ್ತು, ಅಷ್ಟೆ.

ಆಮೇಲೆ ಅವಳಿಗೆ ಕಾಯಿಲೆ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಕ್ಕ ಬದುಕಿದಳು, ಚೆನ್ನಾಗಿಯೇ ಬದುಕಿದಳು. ಮಕ್ಕಳ ಸ್ಲೇಟೊಂದನ್ನು ಕೈಚೀಲದಲ್ಲಿ ಇಟ್ಟುಕೊಂಡು, ಹೇಳಬೇಕಾದದ್ದನ್ನು ಅದರಲ್ಲಿ ಬರೆದು, ಓದಿದ್ದಾಯಿತೆಂದರೆ ಸೆರಗಿನಿಂದ ಒರೆಸಿಬಿಡುತ್ತಿದ್ದಳು. ತನ್ನ ಹಾಡಿನ ಕ್ಯಾಸೆಟ್ಟುಗಳನ್ನು ಮಾತ್ರ ಅವಳು ಅಲ್ಲಿಂದ ಮುಂದೆ ಕೇಳಲಿಲ್ಲ. ಯಾರಾದರೂ ಹಾಕಹೋದರೆ ಎದ್ದು ಅಡಿಗೆಮನೆಗೆ ನಡೆಯುತ್ತಿದ್ದಳು.

ಆ ಕ್ಯಾಸೆಟ್ಟುಗಳಿಗೆ ಬಿಳಿ ಬೂಸ್ಟು ಹಿಡಿದಿತ್ತು. ಕಂಪ್ಯೂಟರಿಗೆ ಇಳಿಸಿಕೊಳ್ಳೋಣವೆಂದು ಒಂದೊಂದನ್ನೇ ಓಡಿಸಿದೆ. ಕೆಲವು ಇಳಿದು ಮುಗಿಯುವ ಹೊತ್ತಿಗೆ ತುಂಡಾದವು, ಮಿಕ್ಕವು ಮತ್ತೆ ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಹಾಡುಗಳು ಕಂಪ್ಯೂಟರಿನಲ್ಲಿ ಮಾತ್ರ ಉಳಿದವು. ಅದರಲ್ಲೂ ಅವು ಕಳೆದುಹೋಗಬಾರದೆಂದು ನಾನು ಮನೆಯಲ್ಲೇ ಒಂದು ಸರ್ವರ್ ಕಟ್ಟಿದೆ. ಕಟ್ಟಿದೆ ಎಂದರೆ ದೊಡ್ಡ ಮಾತು. ನಾನು ಕೆಲಸ ಮಾಡುವ ಕಾರ್ಖಾನೆಯವರು ಹಳೆಯದೆಂದು ಮಾರಿದ ಒಂದು ಕಂಪ್ಯೂಟರಿಗೆ ಒಂದೇ ಕಂಪನಿಯ, ಒಂದೇ ಅಳತೆಯ ನಾಲ್ಕು ಡಿಸ್ಕ್ ಕೂರಿಸಿದೆ. ಮೂರರಲ್ಲಿ ನಮ್ಮ ಹಾಡು, ಫೋಟೋ, ಕಾಗದಪತ್ರ. ನಾಲ್ಕನೆಯದರಲ್ಲಿ ಆ ಮೂರರ ಮೊತ್ತ.

ನಾನು ಕೆಲಸದಲ್ಲಿ ಅಕೌಂಟೆಂಟ್ ಆದ್ದರಿಂದ ಈ ಏರ್ಪಾಡು ನನಗೆ ಬೇಗ ಅರ್ಥವಾಗಿತ್ತು. ಒಂದರಲ್ಲಿ ಐದು, ಇನ್ನೊಂದರಲ್ಲಿ ಮೂರು, ಮತ್ತೊಂದರಲ್ಲಿ ಎರಡು ಇದ್ದರೆ ನಾಲ್ಕನೆಯದು ಹತ್ತು ಎಂದು ಇಟ್ಟುಕೊಂಡಿರುತ್ತದೆ. ಮೂರರಲ್ಲಿ ಯಾವುದು ಕೆಟ್ಟರೂ ಮೊತ್ತದಿಂದ ಉಳಿದೆರಡನ್ನು ಕಳೆದು ಅದನ್ನು ಮತ್ತೆ ಹುಟ್ಟಿಸಬಹುದು. ಒಳಗೆ ನಡೆಯುವ ಲೆಕ್ಕದ ರೀತಿ ಸ್ವಲ್ಪ ಬೇರೆ, ಆದರೆ ಅದರ ತಿರುಳು ಇಷ್ಟೇ. ಯಾವ ಡಿಸ್ಕ್ ಯಾವ ಸ್ಥಾನದಲ್ಲಿದೆ, ಮೊತ್ತದ ಡಿಸ್ಕ್ ಯಾವುದು ಎಂಬುದು ಮಾತ್ರ ಆ ನಾಲ್ಕರಲ್ಲಿ ಎಲ್ಲೂ ಇರಲಿಲ್ಲ. ಯಂತ್ರದ ಬೆನ್ನಿಗೆ ಚುಚ್ಚಿದ್ದ ಒಂದು ಸಣ್ಣ ಪೆನ್‌ಡ್ರೈವಿನಲ್ಲಿತ್ತು. ಯಂತ್ರ ಶುರುವಾಗುತ್ತಿದ್ದುದೂ ಅದರಿಂದಲೇ.

ಡಿಸ್ಕುಗಳ ಮೇಲೆ ಮೊದಲು ಕಾಗದದ ಚೀಟಿ ಅಂಟಿಸಿದ್ದೆ. ಯಂತ್ರದ ಶಾಖಕ್ಕೆ ಅವು ಬಿದ್ದುಹೋಗುತ್ತಿದ್ದವು. ಅಕ್ಕ ಅದನ್ನು ನೋಡಿ, ‘ಪಾತ್ರೆಗೆ ಕೊರೆಸಿದ ಹಾಗೆ ಕೊರೆಸು’ ಎಂದು ಸ್ಲೇಟಿನಲ್ಲಿ ಬರೆದಳು. ಸರಿ ಎನಿಸಿತು. ಡಿಸ್ಕುಗಳನ್ನು ಬಿಚ್ಚಿಟ್ಟು, ಅವು ಕೂರುವ ತಗಡಿನ ಚೌಕಟ್ಟುಗಳನ್ನು ನನ್ನ ಬಾಮೈದನ ಕೈಯಲ್ಲಿ ಸ್ಟೀಲ್ ಪಾತ್ರೆ ಅಂಗಡಿಗೆ ಕಳಿಸಿದೆ. ಅಂಗಡಿಯವರು ಎಂದಿನಂತೆ ನಾಲ್ಕಕ್ಕೂ ನಮ್ಮ ಮನೆತನದ ಅದೇ ಎರಡು ಅಕ್ಷರ ಕೊರೆದು ಕಳಿಸಿದರು. ಅವರದೇನೂ ತಪ್ಪಿಲ್ಲ. ಪಾತ್ರೆ ಯಾರ ಮನೆಯದೆಂದು ಗೊತ್ತಾದರೆ ಸಾಕು. ಲೋಟ ಯಾವುದು ಚೊಂಬು ಯಾವುದು ಎಂದು ಯಾರೂ ಕೊರೆಸುವುದಿಲ್ಲ. ನಾವು ನಕ್ಕು, ಹಾಗೆಯೇ ಕೂರಿಸಿದೆವು. ಪೆನ್‌ಡ್ರೈವಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಎರಡು ಸಾವಿರದ ಎಂಟರ ಸುಮಾರಿಗೆ, ಮಾವಿನ ಕಾಲದ ಒಂದು ಶನಿವಾರ, ಕರೆಂಟು ಇದ್ದಕ್ಕಿದ್ದಂತೆ ಹೋಯಿತು. ಯು.ಪಿ.ಎಸ್.ನ ಬ್ಯಾಟರಿ ಮುದಿಯಾಗಿತ್ತು. ಯಂತ್ರ ನಡುವೆಯೇ ನಿಂತಿತು. ನಾನು ಕಾರ್ಖಾನೆಯಲ್ಲಿದ್ದೆ. ಅದೇ ಹೊತ್ತಿಗೆ ನಮ್ಮ ಮನೆಗೆ ಬಾಮೈದ ಬಂದಿದ್ದ. ಅವನದು ಮುಳಬಾಗಿಲಿನಲ್ಲಿ ಫೋಟೋ ಸ್ಟುಡಿಯೋ. ಯಾರದೋ ಮದುವೆಯ ಆಲ್ಬಂ ಮಾಡಿಸಲು ರೈಲಿನಲ್ಲಿ ಬೆಂಗಳೂರಿಗೆ ಹೊರಟಿದ್ದ.

ಭಾನುವಾರ ಬೆಳಿಗ್ಗೆ ಅವನು ಹಿಂತಿರುಗಿ ಬಂದು, ಯಂತ್ರದ ಬೆನ್ನಿನಿಂದ ಕಿತ್ತುಕೊಂಡು ಹೋಗಿದ್ದ ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟ. ನಾನು ಆಗಷ್ಟೇ, ಯಂತ್ರ ಯಾಕೆ ಶುರುವಾಗುತ್ತಿಲ್ಲವೆಂದು ಅದರ ಮುಂದೆ ಕೂತಿದ್ದೆ.

‘ತುಂಬಾ ಉಪಕಾರ ಆಯ್ತು ಭಾವ. ಹಳೇದೇನೋ ಒಂದೆರಡು ಫೈಲಿತ್ತು, ಫಾರ್ಮ್ಯಾಟ್ ಹೊಡ್ದು ಅಳ್ಸಿ ಫೋಟೋ ತುಂಬ್ಕೊಂಡೆ.’

ನನ್ನ ಹೆಂಡತಿ ನನ್ನ ಮುಖ ನೋಡಿ ತಮ್ಮನ ಕಡೆ ತಿರುಗಿದಳು.

‘ಲೋ, ಒಲೆ ಮೇಲಿರೋ ಪಾತ್ರೆನ ಖಾಲಿ ಇದೆ ಅಂತ ಎತ್ಕೊಂಡು ಹೋಗ್ತಾರೇನೋ?’

‘ಹಿಂದ್ಗಡೆ ಚುಚ್ಚಿತ್ತು ಕಣೇ. ಮರ್ತಿದ್ದಾರೆ ಅಂದ್ಕೊಂಡೆ. ಒಲೆ ಆರಿತ್ತು ಬೇರೆ.’

ಆ ಹೊತ್ತಿಗೆ ಅಕ್ಕ ಬಂದಳು. ಅವಳು ಬರುವುದು ಮೊದಲೇ ಗೊತ್ತಿತ್ತು. ಯಲ್ದೂರಿನಲ್ಲಿ ಕೆಲವು ಸೊಸೆಯಂದಿರು ಹಾಡು ಕಲಿಯಬೇಕೆಂದು ಅವಳ ಬೆನ್ನು ಬಿದ್ದಿದ್ದರು. ಅವಳಿಗೆ ಹಾಡಿ ತೋರಿಸಲಾಗದು. ಅವರು ತಪ್ಪು ಹಾಡುವುದನ್ನು ಕೇಳಲೂ ಆಗದು. ಕೊನೆಗೆ ತಾನು ಕೇಳದಿದ್ದರೂ ಚಿಂತೆಯಿಲ್ಲ, ಅವರಾದರೂ ಕೇಳಿಕೊಳ್ಳಲಿ ಎಂದು, ಹಾಡುಗಳನ್ನು ಸಿ.ಡಿ.ಗೆ ಹಾಕಿಸಿಕೊಂಡು ಹೋಗಲು ಬಂದಿದ್ದಳು. ತೋತಾಪುರಿ ಮಾವಿನ ಚೀಲವನ್ನು ಕೆಳಗಿಟ್ಟು ನಮ್ಮ ಮೂವರ ಮುಖ ನೋಡಿದಳು. ಆದದ್ದನ್ನು ನಾನೇ ಹೇಳಿದೆ. ಅವಳು ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು.

ಯಂತ್ರ ಓಡಿಸುವ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಮತ್ತೆ ತುಂಬಿ ಯಂತ್ರ ಶುರು ಮಾಡಿದೆ. ಪರದೆಯ ಮೇಲೆ ನಾಲ್ಕು ಖಾಲಿ ಸ್ಥಾನಗಳು ಬಂದವು. ಯಾವ ಡಿಸ್ಕ್ ಎಲ್ಲಿ, ನೀವೇ ಹೇಳಿ ಎಂದು ಅದು ಕಾಯುತ್ತಿತ್ತು. ತಪ್ಪು ಡಿಸ್ಕನ್ನು ಮೊತ್ತದ ಸ್ಥಾನಕ್ಕೆ ತೋರಿಸಿದರೆ ಯಂತ್ರ ವಾದ ಮಾಡುವುದಿಲ್ಲ. ಹೊಸ ಮೊತ್ತವನ್ನು ಅದರ ಮೇಲೆ ಬರೆಯುತ್ತ ಹೋಗುತ್ತದೆ, ಅಲ್ಲಿದ್ದದ್ದು ಅಳಿಯುತ್ತ ಹೋಗುತ್ತದೆ.

ಬರೆಯುವುದಕ್ಕೆ ಅವಕಾಶ ಕೊಡದೆ, ಓದುವುದಕ್ಕೆ ಮಾತ್ರ ಒಂದೊಂದೇ ಡಿಸ್ಕ್ ತೆರೆದು ನೋಡಿದೆ. ಒಂದರಲ್ಲಿ ಫೋಟೋಗಳು ಕಂಡವು. ಇನ್ನೊಂದರಲ್ಲಿ ಕಾಗದಪತ್ರ. ಉಳಿದ ಎರಡು ತೆರೆಯಲಿಲ್ಲ. ಮೊತ್ತದ ಡಿಸ್ಕ್ ತೆರೆಯುವುದಿಲ್ಲ, ಅದು ಸಹಜ. ಅದರಲ್ಲಿ ಫೈಲುಗಳೆಂಬುದೇ ಇಲ್ಲ. ಆದರೆ ಹಾಡಿನ ಡಿಸ್ಕೂ ತೆರೆಯಲಿಲ್ಲ. ಹಿಂದಿನ ದಿನ ಕರೆಂಟು ಹೋದಾಗ ಅದರ ಫೈಲುಗಳ ಪಟ್ಟಿ ಕೆಟ್ಟಿತ್ತು. ಈಗ ಒಂದೇ ರೀತಿಯ, ಒಂದೇ ಎರಡಕ್ಷರ ಕೊರೆದ, ಬಾಯಿ ಬಿಡದ ಎರಡು ಡಿಸ್ಕ್ ನನ್ನ ಮುಂದಿದ್ದವು. ಒಂದರಲ್ಲಿ ಅಕ್ಕನ ದನಿ, ಇನ್ನೊಂದರಲ್ಲಿ ಮೊತ್ತ.

‘ಎರಡ್ರಲ್ಲಿ ಒಂದು ತಾನೆ ಭಾವ, ಒತ್ತಿ ನೋಡಿ,’ ಎಂದ ಬಾಮೈದ.

‘ನೀನು ಮಾತಾಡ್ಬೇಡ,’ ಎಂದಳು ನನ್ನ ಹೆಂಡತಿ. ‘ಮಾವಿನ್ಕಾಯಿ ಹೆಚ್ಚು ಹೋಗು.’

ಆಗ ನನಗೊಂದು ಉಪಾಯ ಹೊಳೆಯಿತು. ಹಾಡುಗಳನ್ನು ನಾನು ಯಾವ ರೀತಿಯಲ್ಲೂ ಕುಗ್ಗಿಸದೆ ಇಳಿಸಿದ್ದೆ. ಪಟ್ಟಿ ಕೆಟ್ಟಿದ್ದರೂ ಹಾಡು ಇದ್ದಲ್ಲೇ ಇರಬೇಕು. ಡಿಸ್ಕಿನಲ್ಲಿರುವುದನ್ನು ಏನೆಂದು ಕೇಳದೆ, ಇದ್ದದ್ದು ಇದ್ದ ಹಾಗೆ ನೇರವಾಗಿ ಸ್ಪೀಕರಿಗೆ ಕಳಿಸಿದರೆ ಹಾಡಿನ ಡಿಸ್ಕಿನಿಂದ ಹಾಡೇ ಬರಬೇಕು, ಮೊತ್ತದ ಡಿಸ್ಕಿನಿಂದ ಬರೀ ಗದ್ದಲ.

ಮೊದಲ ಡಿಸ್ಕನ್ನು ಹಾಗೆ ಓಡಿಸಿದೆ. ಬಾಣಲೆಯಲ್ಲಿ ಒಗ್ಗರಣೆ ಸಿಡಿದಂಥ ಸದ್ದು. ಸ್ವಲ್ಪ ಮುಂದಕ್ಕೆ ಹೋದೆ, ಅದೇ. ಇನ್ನೂ ಮುಂದಕ್ಕೆ ಹೋದೆ. ಸಿಡಿತ ನಿಂತು ನಡುಮನೆಯ ತುಂಬ ಅಕ್ಕನ ದನಿ ಬಂತು.

ಬೀಗರ ಹಾಡು. ಬೀಗಿತ್ತಿ ಮನೆಯಿಂದ ಏನೇನು ಹೊತ್ತು ತಂದಳೆಂದು ತೆಲುಗಿನಲ್ಲಿ ಹೊಗಳುತ್ತ ಹೋಗಿ, ಮದುವೆ ಮನೆಯಿಂದ ಏನೇನು ಹೊತ್ತು ಹೋದಳೆಂದು ಕನ್ನಡದಲ್ಲಿ ಬೈಯುವ ಹಾಡು. ನಾನು ಅಕ್ಕನ ಕಡೆ ನೋಡಲಿಲ್ಲ. ಅವಳು ಎದ್ದು ಅಡಿಗೆಮನೆಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. ಹಾಡು ಇನ್ನೂ ಹೊಗಳಿಕೆಯಲ್ಲಿರುವಾಗಲೇ ತಟ್ಟನೆ ತುಂಡಾಗಿ ಮತ್ತೆ ಆ ಸಿಡಿತ ಶುರುವಾಯಿತು.

‘ಸಿಕ್ತಲ್ಲ ಭಾವ,’ ಎಂದ ಬಾಮೈದ, ಕೈಯಲ್ಲಿ ಈಳಿಗೆಮಣೆ ಹಿಡಿದು. ‘ಇದೇ ಹಾಡಿಂದು. ಕೆಟ್ಟಿದೆ ಅಂದ್ರಲ್ಲ, ಅದ್ಕೇ ಮಧ್ಯ ಮಧ್ಯ ಕಟ್ಟಾಗ್ತಿದೆ. ಆ ಇನ್ನೊಂದೇ ಮೊತ್ತ.’

ನನಗೂ ಹಾಗೆಯೇ ಅನಿಸಿತು. ದನಿ ಬಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಇನ್ನೊಂದು ಡಿಸ್ಕನ್ನು ಮೊತ್ತದ ಸ್ಥಾನಕ್ಕೆ ತೋರಿಸಿದೆ. ಶುರು ಮಾಡಲೇ ಎಂದು ಪರದೆ ಕೇಳಿತು. ನನ್ನ ಬೆರಳು ಮೌಸಿನ ಮೇಲಿತ್ತು.

ಬೆನ್ನ ಹಿಂದೆ ಸ್ಲೇಟು ನೆಲಕ್ಕೆ ಬಡಿದ ಸದ್ದಾಯಿತು. ತಿರುಗಿದೆ. ಅಕ್ಕನ ತುಟಿ ‘ಆಗರಾ’ ಎನ್ನುತ್ತಿತ್ತು. ತೆಲುಗಿನಲ್ಲಿ ತಡೆಯೋ ಎಂದು, ಚಿಕ್ಕಂದಿನಲ್ಲಿ ನಾನು ಬಾವಿಯ ಹತ್ತಿರ ಓಡುವಾಗ ಕೂಗುತ್ತಿದ್ದ ಮಾತು. ಆಮೇಲೆ ಬರೆದಳು: ‘ಬೈಯೋದು ಬರಲೇ ಇಲ್ಲ. ಇನ್ನೊಂದರಲ್ಲೂ ಕೇಳಿಸು.’

‘ಅದ್ರಲ್ಲಿ ಏನಿರತ್ತೆ ಅಕ್ಕ,’ ಎಂದ ಬಾಮೈದ.

ಅವಳು ಬರೆದದ್ದನ್ನು ಒರೆಸದೆ, ಸ್ಲೇಟನ್ನು ನನ್ನ ಕಡೆಗೆ ಹಿಡಿದೇ ಇದ್ದಳು.

ಇನ್ನೊಂದು ಡಿಸ್ಕನ್ನು ಸರಿಯಾಗಿ ಅದೇ ಜಾಗದಿಂದ ಓಡಿಸಿದೆ. ಅದರಲ್ಲೂ ಅಕ್ಕನ ದನಿ ಬಂತು. ಅದೇ ಬೀಗರ ಹಾಡು, ಅದೇ ತೆಲುಗು ಸಾಲು. ಮೊದಲನೆಯದರಲ್ಲಿ ತುಂಡಾದ ಜಾಗ ಬಂತು, ದಾಟಿತು. ಹೊಗಳಿಕೆ ಮುಗಿಯಿತು. ಬೈಗುಳ ಶುರುವಾಯಿತು. ಹಿಂದೆ ಹೆಂಗಸರು ನಗುವುದು, ಯಾರೋ ತಟ್ಟೆ ಇಡುವುದು ಎಲ್ಲ ಕೇಳಿಸಿತು. ಹಾಡು ಕೊನೆಯವರೆಗೂ ಹೋಗಿ ಮುಗಿಯಿತು.

ಆಗ ಅರ್ಥವಾಯಿತು. ಉಳಿದ ಎರಡು ಡಿಸ್ಕುಗಳು ಎಲ್ಲಿ ಖಾಲಿ ಇದ್ದವೋ ಅಲ್ಲಿ ಹಾಡಿಗೆ ಕೂಡಿಸಲು ಏನೂ ಇರಲಿಲ್ಲ. ಐದಕ್ಕೆ ಸೊನ್ನೆ ಸೊನ್ನೆ ಕೂಡಿಸಿದರೆ ಐದೇ ಮೊತ್ತ. ಆ ಜಾಗದಲ್ಲಿ ಮೊತ್ತದ ಡಿಸ್ಕೂ ಅಕ್ಕನ ಹಾಡನ್ನೇ ಹಾಡುತ್ತಿತ್ತು. ಫೋಟೋ ಶುರುವಾದ ಕಡೆ ಅದು ಬೆರೆತು ಗದ್ದಲವಾಯಿತು. ದಿನವೆಲ್ಲ ಕೂಡಿ ಕಳೆದು ಬದುಕುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬೆರಳು ಒತ್ತಿದ್ದರೆ ನಾನು ಅಳಿಸುತ್ತಿದ್ದದ್ದು ಹಾಡಿನ ಡಿಸ್ಕನ್ನು.

ಮೊದಲನೆಯದನ್ನು ಮೊತ್ತದ ಸ್ಥಾನಕ್ಕೆ ತೋರಿಸಿದೆ. ಒತ್ತುವ ಮೊದಲು ಅಕ್ಕನನ್ನು ನೋಡಿದೆ. ಅವಳು ಸರಿ ಎಂದು ತಲೆಯಾಡಿಸಿದಳು.

ಕೆಟ್ಟ ಪಟ್ಟಿಯನ್ನು ಸರಿಪಡಿಸಿದ್ದು ಆಮೇಲಿನ ಕೆಲಸ. ಹಾಡುಗಳೆಲ್ಲ ಬಂದವು, ಆದರೆ ಹೆಸರುಗಳಿಲ್ಲದೆ. ಯಾವ ಹಾಡು ಯಾವುದೆಂದು ತೆರೆದು ಕೇಳಿಯೇ ಹೇಳಬೇಕಿತ್ತು, ಅದನ್ನು ಹೇಳಬಲ್ಲವಳು ಅವಳೊಬ್ಬಳೇ. ಸಂಜೆಯ ಬಸ್ಸಿಗೆ ಹೊರಡಬೇಕಾದವಳು ಹೊರಡಲಿಲ್ಲ. ಕೆಲವು ದಿನ ಇದ್ದು, ಇಷ್ಟು ವರ್ಷ ಕೇಳಲೊಲ್ಲದ ದನಿಯ ಮುಂದೆ ಕೂತು, ಒಂದೊಂದಕ್ಕೂ ಹೆಸರು ಬರೆದುಕೊಟ್ಟಳು. ಮೊದಲ ದಿನ ಕಣ್ಣು ಒರೆಸಿಕೊಂಡಳು. ಎರಡನೆಯ ದಿನದಿಂದ ತಪ್ಪು ಹುಡುಕತೊಡಗಿದಳು. ‘ಇಲ್ಲಿ ಶ್ರುತಿ ಇಳಿದಿದೆ.’ ‘ಇದನ್ನು ತೆಗೆದುಹಾಕು, ಸಾಲು ಬಿಟ್ಟಿದ್ದೇನೆ.’ ನಾನು ಯಾವುದನ್ನೂ ತೆಗೆಯಲಿಲ್ಲ. ತೆಗೆದೆ ಎಂದಷ್ಟೇ ಹೇಳಿದೆ; ಅವಳು ನಂಬಿದಂತೆ ಕಾಣಲಿಲ್ಲ.

ಮಳೆಗಾಲ ಕಳೆದ ಮೇಲೆ ಯಲ್ದೂರಿಗೆ ಹೋಗಿದ್ದೆ. ಅಕ್ಕನ ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರು ಕೂತು ಬೀಗರ ಹಾಡು ಒಪ್ಪಿಸುತ್ತಿದ್ದರು, ಅಕ್ಕ ನೆಲದ ಮೇಲೆ ತಾಳ ತಟ್ಟುತ್ತಿದ್ದಳು. ಬೈಗುಳ ಶುರುವಾಗುವ ಮೊದಲು ಅವರೆಲ್ಲ ಒಟ್ಟಿಗೆ ಒಂದು ಗಳಿಗೆ ನಿಂತು, ಮತ್ತೆ ಎತ್ತಿಕೊಂಡರು. ಹಾಡಿನಲ್ಲಿ ಅಲ್ಲಿ ನಿಲ್ಲುವುದಿಲ್ಲ. ರೆಕಾರ್ಡಿನಲ್ಲಿ ಆ ಜಾಗದಲ್ಲಿ ಅಕ್ಕ ಕೆಮ್ಮಿದ್ದಳು.

ಅಕ್ಕ ತಾಳ ನಿಲ್ಲಿಸಿ ಸ್ಲೇಟು ಎಳೆದುಕೊಂಡಳು. ‘ಕೆಮ್ಮು ಹಾಡಲ್ಲ ಕಣ್ರೇ,’ ಎಂದು ಬರೆದು ಅವರ ಕಡೆ ತಿರುಗಿಸಿದಳು. ಅವರು ಓದಿ ನಕ್ಕರು. ಸದ್ದಿಲ್ಲದೆ, ಭುಜ ಕುಲುಕಿಸುತ್ತ, ಅವಳೂ ನಕ್ಕಳು. ಆಮೇಲೆ ಬೆರಳೆತ್ತಿ ಮೊದಲಿನಿಂದ ಎಂದು ಸನ್ನೆ ಮಾಡಿದಳು.